ಹಡಗು ಹತ್ತಿದ ಗಂಜಿ

ಅನರ್ಥಕ್ಕೆಲ್ಲ ಕಾರಣ ಬಂಗಾರಪೇಟೆ ಪ್ಲಾಟ್‌ಫಾರಮ್ಮಿನಲ್ಲಿ ಕೊಂಡ ಒಂದು ಪೊಟ್ಟಣ ಕಡಲೆಕಾಯಿ. ಶ್ರೀನಿವಾಸಪ್ಪನವರು ಕಾಯಿ ತಿಂದು, ಪೊಟ್ಟಣದ ಕಾಗದ ಬಿಡಿಸಿ ಓದಿದರು. ಹೆಂಡತಿ ತೀರಿಕೊಂಡ ಮೇಲೆ ಅವರು ಓದದೆ ಎಸೆದ ಕಾಗದವಿಲ್ಲ. ಔಷಧಿ ಬಾಟಲಿಯ ಚೀಟಿಯನ್ನೂ ಕೊನೆಯ ಸಾಲಿನವರೆಗೆ ಓದುತ್ತಿದ್ದರು. ಮಾತಾಡುವವರಿಲ್ಲದ ಮನೆಗೆ ಅಕ್ಷರವೇ ನೆಂಟ.

ಕಾಗದದಲ್ಲಿ ಗಂಜಿ ಎಂಬ ಮಾತಿನ ಕತೆಯಿತ್ತು. ದಕ್ಷಿಣದವರ ಬಾಯಲ್ಲಿದ್ದ ಅದನ್ನು ಪೋರ್ಚುಗೀಸರು ಕೇಳಿಸಿಕೊಂಡು ಹಡಗು ಹತ್ತಿಸಿದರಂತೆ. ಅವರ ಊರಲ್ಲಿ ‘ಕಾಂಜ’ ಎಂಬ ಸಾರಾಗಿ ಕೋಳಿ ಹಾಕಿಸಿಕೊಂಡಿತಂತೆ. ಇಂಗ್ಲಿಷರ ಬಾಯಲ್ಲಿ ‘ಕಾಂಜೀ’ ಆಗಿ, ಈಗ ಚೀನಾ ಊಟದ ಹೋಟೆಲುಗಳ ಪಟ್ಟಿಯಲ್ಲೂ ಕೂತಿದೆಯಂತೆ.

ಶ್ರೀನಿವಾಸಪ್ಪನವರ ಎದೆ ತುಂಬಿತು. ಬಡಪಾಯಿ ಗಂಜಿ ಇಷ್ಟು ಸಮುದ್ರ ದಾಟಿತ್ತು. ತಾವು ವಾರದಿಂದ ಪಕ್ಕದ ಮನೆಯ ಹೊಸ್ತಿಲನ್ನೂ ದಾಟಿರಲಿಲ್ಲ.

ಮರುದಿನ ಭಾನುವಾರ. ಕೋಲಾರದ ಚಿನ್ನದ ಗಣಿಯ ಊರಿಗಾಂನಲ್ಲಿ, ಸಾಲಾಗಿ ಕಟ್ಟಿದ ಲೈನುಮನೆಗಳಲ್ಲೊಂದಾದ ತಮ್ಮ ಮನೆಯಲ್ಲಿ ದೇವರಿಗೆ ದೀಪ ಹಚ್ಚಿ, ದೊಡ್ಡ ಪಾತ್ರೆಯಲ್ಲಿ ನುಚ್ಚಕ್ಕಿ ಗಂಜಿ ಕಾಸಿ, ಮೂವರು ಪರಿಚಯದವರನ್ನು ಊಟಕ್ಕೆ ಕರೆದರು. ಇದೊಂದು ದಿನ ತಟ್ಟೆಯ ಎದುರಿಗೆ ಇನ್ನೊಂದು ತಟ್ಟೆ ಇರಲಿ ಎಂಬುದಷ್ಟೇ ಅವರ ಆಸೆ.

ಪಕ್ಕದ ಮನೆಯ ಮಾರಿಯಮ್ಮ ಬಂದಳು. ಬೂದಿಕೋಟೆ ಕಡೆಯಿಂದ ಬಂದು ಹಾಲು ಹಾಕುವ ಮಂಗಮ್ಮ ಬಂದಳು. ಗಾರೆ ಕೆಲಸದ ಮುನಿರಾಜ್ ಬಂದ. ಮೂವರೂ ಕೂತ ಮೇಲೆ ಶ್ರೀನಿವಾಸಪ್ಪನವರು ಹಡಗು, ಕೋಳಿ, ಹೋಟೆಲು ಎಲ್ಲವನ್ನೂ ಹೇಳಿ, “ಆದ್ರೆ ಮಾತು ಹುಟ್ಟಿದ್ದು ನಮ್ಮಲ್ಲೇ” ಎಂದರು.

“ನಮ್ಮಲ್ಲಿ ಅಂದ್ರೆ ಯಾರಲ್ಲಿ ಸಾರ್?” ಮಾರಿಯಮ್ಮ ಕೇಳಿದಳು. “ತಮಿಳು ಅಂತ ಬಿಡಿಸಿ ಯೋಳಿ. ಗಣಿಗೆ ಓಗೋ ನಮ್ಮ ತಾತನಿಗೆ ನಮ್ಮಜ್ಜಿ ಕಂಜಿ ಅಂತಾನೇ ಕಟ್ಟಿಕೊಡ್ತಿದ್ದಿದ್ದು.”

“ಸುಮ್ಕಿರಮ್ಮೋ!” ಎಂದಳು ಮಂಗಮ್ಮ. “ನಮ್ ತೆಲುಗೋರು ಗಂಜಿ ಬಸಿಯೋವಾಗ ನಿಮ್ಮೋರು ಅಕ್ಕಿ ಮುಖಾನೇ ನೋಡಿರ್ಲಿಲ್ಲ.”

“ಕೋಲಾರದ ನೆಲದ ಮ್ಯಾಲೆ ಕುಂತ್ಕೊಂಡು ಕನ್ನಡದ ಗಂಜೀನ ಅಂಚ್ಕೊತಾವ್ರೆ ನೋಡು!” ಮುನಿರಾಜ್ ಎದ್ದೇ ನಿಂತ. “ನಿಮ್ಗಿಂತ ಆ ಕೋಳಿ ಆಕ್ದೋನೇ ವಾಸಿ ಕಣ್ರಮ್ಮೋ.”

ಸೌಟು ಪಾತ್ರೆಯಲ್ಲೇ ನಿಂತಿತ್ತು. ಗಂಜಿ ಆರುತ್ತಿತ್ತು, ಜನ ಕಾಯುತ್ತಿದ್ದರು. ಕೊನೆಗೆ ಮೂವರೂ ಒಟ್ಟಿಗೆ ತಿರುಗಿ, “ಓದಿದೋರು ನೀವೇ ಯೋಳಿ, ಗಂಜಿ ಯಾರ್ದು?” ಎಂದರು.

ಶ್ರೀನಿವಾಸಪ್ಪನವರು ಕಾಗದ ನೋಡಿದರು. ಆ ಸಾಲಿರಬೇಕಾದ ಕಡೆ ಕಡಲೆಕಾಯಿಯವನು ಹರಿದಿದ್ದ. ಯಾರ ಹೆಸರು ಹೇಳಿದರೂ ಇಬ್ಬರು ಎದ್ದು ಹೋಗುತ್ತಾರೆ. ಇರುವವರೇ ಮೂವರು. ಅವರು ಕಣ್ಣು ಮುಚ್ಚಿ ದೇವರನ್ನು ನೆನೆದು, ಹೊಟ್ಟೆ ಹಿಡಿದುಕೊಂಡು, “ಅಯ್ಯೋ, ನೋವು!” ಎಂದರು.

ಜಗಳ ಉಕ್ಕುವ ಹಾಲಿಗೆ ನೀರು ಚಿಮುಕಿಸಿದಂತೆ ಇಳಿಯಿತು.

“ಅದಕ್ಕೇ ಗಂಜಿ ಕಾಸವ್ರೆ!” ಮಾರಿಯಮ್ಮ ಎದೆ ತಟ್ಟಿಕೊಂಡಳು. “ಕಾಯಿಲೆ ಬಿದ್ದೋರಲ್ದೆ ಭಾನುವಾರ ಯಾರು ಗಂಜಿ ಕಾಸ್ತಾರೆ? ಬಾಯ್ಬಿಟ್ಟು ಯೋಳಕ್ಕೆ ನಾಚ್ಕೊಂಡು ನಮ್ಮನ್ನ ಕರೆಸವ್ರೆ, ಪಾಪ!”

“ಇಲ್ಲಮ್ಮ, ನಾನು ಊಟಕ್ಕೇ...”

“ಮಾತಾಡ್ಬೇಡಿ, ಆಯಾಸ ಆಯ್ತದೆ.”

ಮುನಿರಾಜ್ ಅವರನ್ನು ಮಂಚಕ್ಕೆ ಹೊತ್ತು ಹಾಕಿದ. ಮಂಗಮ್ಮ ಉಪ್ಪು ನಿವಾಳಿಸಿ ದೃಷ್ಟಿ ತೆಗೆದಳು. ಇಷ್ಟು ಗಂಜಿ ಒಬ್ಬರಿಗೆ ಅಜೀರ್ಣವೆಂದು ತಲೆದಿಂಬಿನ ಬಳಿ ಒಂದು ಲೋಟ ಬಿಟ್ಟು, ಪಾತ್ರೆ ಎತ್ತಿಕೊಂಡು, ಬಾಗಿಲೆಳೆದುಕೊಂಡು ಮೂವರೂ ಹೊರಟರು.

ಲೈನುಮನೆಗಳಿಗೆ ಗೋಡೆ ಒಂದೇ. ಆಚೆ ಮಾರಿಯಮ್ಮನ ಜಗಲಿಯಲ್ಲಿ ಒಣಮೀನು ಹುರಿದ ವಾಸನೆ ಎದ್ದಿತು. ಮುನಿರಾಜನ ದನಿ ಕೇಳಿತು: “ಹಡಗು ಹತ್ತಿದ್ ಮ್ಯಾಲೆ ಗಂಜಿ ನಸೀಬು ತಿರುಗ್ತು ನೋಡಕ್ಕೋ! ಕೋಳಿ ತಾನಾಗೇ ಬಂದು ಬಿತ್ತು!” ಘೊಳ್ಳೆಂದು ನಗು. ಬಾಯಿ ತುಂಬ ಗಂಜಿ ಇದ್ದವರಿಗೆ ಅದು ಯಾರ ಮಾತೆಂಬುದು ಮರೆತುಹೋಗಿತ್ತು.

ಶ್ರೀನಿವಾಸಪ್ಪನವರು ತಡೆಯಲಾರದೆ ಎದ್ದು ಆ ಜಗಲಿಗೆ ಹೋದರು. “ನನಗೆ ವಾಸಿಯಾಯ್ತು ಕಣ್ರಪ್ಪ...”

“ಎದ್ದು ಬಂದ್ಬಿಟ್ರಾ!” ಮೂವರೂ ಹೌಹಾರಿದರು. ಮಂಗಮ್ಮ ತೀರ್ಪು ಕೊಟ್ಟಳು: “ಮೂರು ದಿನ ಯಾರೂ ಅವ್ರನ್ನ ಮಾತಾಡ್ಸಬಾರ್ದು. ಸರದಿ ಮ್ಯಾಲೆ ಗಂಜಿ ಬಾಗ್ಲಲ್ಲಿಟ್ಟು ಬಂದ್ಬಿಡೋಣ.”

ಅಂದು ಮೂವರೂ ಒಪ್ಪಿದ ಮೊದಲ ಮಾತು ಅದು.

ಶ್ರೀನಿವಾಸಪ್ಪನವರು ತಮ್ಮ ಮನೆಗೆ ಮರಳಿ ಬಂದು ಆ ಗೋಡೆಗೊರಗಿ ಕೂತರು. ಆಚೆಯವರು ಗುಟುಕರಿಸುವ ಸದ್ದು ಕೇಳಿದಾಗಲೆಲ್ಲ ತಾವೂ ಒಂದು ಗುಟುಕು ಹೀರುತ್ತ ಲೋಟ ಮುಗಿಸಿದರು.