ಕ್ಷಣದಲ್ಲಿ ಬೆಂದ ಒಬ್ಬಟ್ಟು

ನಮ್ಮ ದೊಡ್ಡಮ್ಮನ ಕೈಗೆ ಕಾದಂಬರಿ ಕೊಡಬಾರದು. ಕೊಟ್ಟರೆ ಆ ದಿನ ಮನೆಯವರಿಗೆ ಹೊತ್ತಿಗೆ ಸರಿಯಾಗಿ ಊಟವಿಲ್ಲ! ಓದುತ್ತಾ ಮೈಮರೆಯುತ್ತಾರೆ ಅಂದುಕೊಂಡಿರಾ? ಅಷ್ಟೇ ಆಗಿದ್ದರೆ ಪುಣ್ಯ. ಕಾದಂಬರಿಯ ಗೃಹಿಣಿ ಮಾಡಿದ ಅಡುಗೆಯನ್ನು ಇವರು ಗಡಿಯಾರ ಇಟ್ಟುಕೊಂಡು ಮಾಡಿ ನೋಡುತ್ತಾರೆ!

ಪ್ರತಿ ಶನಿವಾರ ಯಲ್ದೂರಿನಿಂದ ಬಸ್ಸು ಹತ್ತಿ ಶ್ರೀನಿವಾಸಪುರದ ಒಂದು ಪುಟ್ಟ ಲೈಬ್ರರಿಗೆ ಹೋಗುವುದು ಅವರ ವಾಡಿಕೆ. ಮದುವೆಯಾದ ಮೇಲೆ ಯಾರ ಅಪ್ಪಣೆಯನ್ನೂ ಕೇಳದೆ ಅವರು ಹೋಗುವ ಜಾಗ ಅದೊಂದೇ. ಯುಗಾದಿ ಕಳೆದ ಮೇಲೆ ತಂದ ಕಾದಂಬರಿಯಲ್ಲಿ ನಾಯಕ ಹೇಳದೆ ಕೇಳದೆ ನಾಲ್ವರು ಸ್ನೇಹಿತರನ್ನು ಕರೆತರುತ್ತಾನೆ. ಹೆಂಡತಿ ನಗುನಗುತ್ತಾ ಕ್ಷಣದಲ್ಲಿ ಒಬ್ಬಟ್ಟು ಮಾಡಿ ಬಡಿಸುತ್ತಾಳೆ.

"ಕ್ಷಣದಲ್ಲಾ? ಬೇಳೆ ಯಾರು, ಇವನ ಅಪ್ಪ ಬೇಯ್ಸಿಟ್ಟಿದ್ನಾ?" ಎಂದು ದೊಡ್ಡಮ್ಮ ಸೆರಗು ಸಿಕ್ಕಿಸಿಯೇಬಿಟ್ಟರು. ಕಣಕ ನಾದಿ, ಬೇಳೆ ಬೇಯಿಸಿ, ಕಟ್ಟು ಬಸಿದು, ಬೆಲ್ಲ ಹಾಕಿ, ಹೂರಣ ರುಬ್ಬಿ... ನಾನು ಸಮಯ ಬರೆದುಕೊಳ್ಳುವ ಗುಮಾಸ್ತೆ! ದೊಡ್ಡಪ್ಪ ಮಾವಿನ ತೋಪಿನಿಂದ ಹಸಿದು ಬಂದರು.

"ಏನೇ, ಆಯ್ತಾ?"

"ಇರ್ರೀ, ಇನ್ನೂ ಕ್ಷಣ ಮುಗ್ದಿಲ್ಲ!"

ಮುಗಿಯಲು ಹಿಡಿದದ್ದು ಮೂರು ಗಂಟೆ ಇಪ್ಪತ್ತು ನಿಮಿಷ! 'ನಗುನಗುತ್ತಾ' ಎಂಬುದನ್ನೂ ಬಿಡಲಿಲ್ಲ. ಕಾದ ಹೆಂಚಿನ ಮುಂದೆ ಹಲ್ಲು ಬಿಟ್ಟುಕೊಂಡು ನಿಂತರು. ದೊಡ್ಡಪ್ಪ ಹೆದರಿ ಜಗಲಿಗೆ ಹೋದರು.

ಆಮೇಲೆ ಆ ಪುಟಕ್ಕೊಂದು ಚೀಟಿ ಅಂಟಿಸಿದರು: "ಮೂರು ಗಂಟೆ ಇಪ್ಪತ್ತು ನಿಮಿಷ. ಪಾತ್ರೆ ತೊಳೆದದ್ದು ಸೇರಿಲ್ಲ." ಹೀಗೆ ಎಷ್ಟು ಪುಸ್ತಕಗಳಿಗೆ ಅಂಟಿಸಿದ್ದರೋ!

ಮಾವಿನ ಕಾಲ ಮುಗಿಯುವಷ್ಟರಲ್ಲಿ ಲೈಬ್ರರಿಯಿಂದ ಫೋನ್ ಬಂತು. ಪುಸ್ತಕ ಹಾಳಾಗಿದೆ, ಕಾರ್ಡು ತೆಗೆದುಕೊಂಡು ಬರಬೇಕಂತೆ.

ಕಥೆ ಬರೆಯುವವರನ್ನೆಲ್ಲ ಗದರಿಸುವ ಹೆಂಗಸು ಬಸ್ಸಿನಲ್ಲಿ ನನ್ನ ಪಕ್ಕ ಕೂತು ಆ ಕಾರ್ಡನ್ನೇ ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಇಳಿಯುವಾಗ, "ಕಾರ್ಡ್ ಕಿತ್ಕೊಂಡ್ರೆ ಶನಿವಾರ ನಾನೆಲ್ಲಿಗೆ ಹೋಗ್ಲೇ?" ಎಂದರು.

ಲೈಬ್ರರಿಯವರು ಅದೇ ಕಾದಂಬರಿ ತೆರೆದಿಟ್ಟರು. "ನೋಡೀಮ್ಮಾ, ನೀವು ಶುರು ಮಾಡಿದ್ದು ಎಲ್ಲಿಗೆ ಬಂದಿದೆ!"

ದೊಡ್ಡಮ್ಮನ ಚೀಟಿಯ ಕೆಳಗೆ ಬೇರೆ ಯಾರದೋ ಅಕ್ಷರ: "ನಮ್ಮನೇಲಿ ನಾಲ್ಕು ಗಂಟೆ ಅಕ್ಕಾ, ಸೌದೆ ಒಲೆ. ಗೌನಿಪಲ್ಲಿಯಿಂದ." ಅದರ ಕೆಳಗೆ, ನಡುಗುವ ಕೈಬರಹದಲ್ಲಿ: "ನಲವತ್ತು ವರ್ಷ ಮಾಡಿ ಹಾಕಿದೆ. ಎಷ್ಟು ಹೊತ್ತಾಯ್ತು ಅಂತ ಯಾರೂ ಕೇಳಲಿಲ್ಲ."

"ಕಾರ್ಡ್ ನಿಮ್ಹತ್ರಾನೇ ಇರ್ಲಿ. ಆದ್ರೆ ಪುಸ್ತಕಕ್ಕೆ ಅಂಟಿಸ್ಬೇಡಿ," ಎಂದು ಲೈಬ್ರರಿಯವರು ಹೊಸ ನೋಟ್‌ಬುಕ್ ಒಂದನ್ನು ಮುಂದಿಟ್ಟರು. "ಇದನ್ನ ಇಲ್ಲೇ ಮೇಜಿನ ಮೇಲೆ ಇಡ್ತೀನಿ. ನೀವೂ ಬರೀರಿ, ಅವ್ರೂ ಬರೀಲಿ."

ದೊಡ್ಡಮ್ಮನಿಗೆ ಅದು ಕೇಳಿಸಿತೋ ಇಲ್ಲವೋ. ಆ ನಡುಗುವ ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸುತ್ತಿದ್ದರು. ಕಣ್ಣು ತುಂಬಿತ್ತು.

"ನಾನೊಬ್ಳೇ ಅಂದ್ಕೊಂಡಿದ್ದೆ ಕಣೇ," ಎಂದರು.