ಬಂಗಾರಪೇಟೆಗೆ ಗ್ರೇಸ್ ನನ್ನನ್ನು ಕರೆದೊಯ್ದಳು

ದಾರಿ ಕೇಳಿದವರಿಗೆ ದಾರಿಯಷ್ಟೇ ಹೇಳಿ ಸುಮ್ಮನಾಗುವ ಜಾಯಮಾನ ನನ್ನದಲ್ಲ. ಎಲ್ಲಿ ಬಸ್ಸು ಹತ್ತಬೇಕು, ಯಾವ ಕಡೆ ಕೂತರೆ ಬಿಸಿಲು ಹೊಡೆಯುವುದಿಲ್ಲ ಎಂಬುದನ್ನೂ ಹೇಳಿದರೇ ನನಗೆ ಸಮಾಧಾನ. ಇಂಥ ನನ್ನ ರಾಬರ್ಟ್‌ಸನ್‌ಪೇಟೆಯ ಮನೆಯ ಮಹಡಿಗೆ ಕೀನ್ಯಾ ದೇಶದ ಗ್ರೇಸ್ ಬಾಡಿಗೆಗೆ ಬಂದಾಗ ಸಂಭ್ರಮ ಕೇಳಬೇಕೆ! ಬಂಗಾರಪೇಟೆಯಲ್ಲಿ ನರ್ಸಿಂಗ್ ಪಾಠ ಹೇಳುವ ಕೆಲಸ ಆಕೆಯದು. ಬಸ್ಸು, ಆಟೋ, ರೈಲುಗಳ ವೇಳೆಯನ್ನೆಲ್ಲ ದೊಡ್ಡ ಹಾಳೆಯಲ್ಲಿ ಬರೆದುಕೊಟ್ಟೆ. ಆಕೆ ಅದನ್ನು ವಿನಯದಿಂದ ಗೋಡೆಗೆ ಅಂಟಿಸಿ, ಮರುದಿನ ಎದುರಿಗೆ ಬಂದ ಮೊದಲ ಆಟೋ ಹತ್ತಿ ಹೋದಳು. "ಆ ಹುಡುಗಿ ತಾನೇ ದಾರಿ ಹುಡುಕ್ಕೊಂಡ್ರೆ ನಿಮಗ್ಯಾಕ್ರೀ ಹೊಟ್ಟೆಯುರಿ?" ಎಂದಳು ನನ್ನ ಹೆಂಡತಿ.

ಮೊನ್ನೆ ಕೊನೆಗೂ ನನ್ನ ಸರದಿ ಬಂತು. ಗ್ರೇಸಳ ತಾಯಿ ಮೊದಲ ಸಲ ದೇಶ ದಾಟಿ ಬಂದಿದ್ದರು. ಬೆಂಗಳೂರಿನಲ್ಲಿ ಪರಿಚಯದವರು ರೈಲು ಹತ್ತಿಸಿದ್ದರು; ಹತ್ತು ಗಂಟೆಗೆ ಬಂಗಾರಪೇಟೆ. ಅವರ ಫೋನು ಇಲ್ಲಿ ಕೆಲಸ ಮಾಡುತ್ತಿರಲಿಲ್ಲ. "ಅಮ್ಮನ್ನ ನೋಡಿ ಮೂರು ವರ್ಷ ಆಯ್ತು ಅಂಕಲ್" ಎನ್ನುತ್ತಾ ಗ್ರೇಸ್ ಬಸ್ಸಿಗೆಂದು ಮಹಡಿ ಇಳಿದು ಬಂದಳು. "ಬಸ್ಸು ಯಾಕಮ್ಮ? ನನ್ನ ಸ್ಕೂಟರಿದೆ, ಕೂತ್ಕೋ!" ಎಂದುಬಿಟ್ಟೆ.

ಊರಂಚಿನ ಕೋರಮಂಡಲ್ ಬಡಾವಣೆ ದಾಟುವ ಮೊದಲೇ ಸ್ಕೂಟರು ಎರಡು ಸಲ ಕೆಮ್ಮಿ ನಿಂತಿತು. ಒದ್ದೆ, ಓರೆ ಮಾಡಿ ಅಲ್ಲಾಡಿಸಿದೆ, ಬೈದೆ. ಗಂಟೆ ಒಂಬತ್ತೂವರೆ. "ಇಗೋ, ಈಗ ಬಸ್ಸು ಬರಬೇಕು" ಎಂದು ನಾನು ವೇಳಾಪಟ್ಟಿ ಒಪ್ಪಿಸುತ್ತಿರುವಾಗಲೇ ಗ್ರೇಸ್ ರಸ್ತೆಗಿಳಿದು ಹಾಲಿನ ಕ್ಯಾನು ತುಂಬಿದ ಟೆಂಪೋವೊಂದಕ್ಕೆ ಕೈ ಅಡ್ಡ ಹಿಡಿದಳು. "ಅಣ್ಣಾ, ನಮ್ಮಮ್ಮ ಬತ್ತಾವ್ರೆ. ಟೇಸನ್‌ಗೆ ಓಗ್ಬೇಕು, ಬಿರ್‍ನೆ!" ಅಪ್ಪಟ ನಮ್ಮೂರ ಕನ್ನಡ!

"ಅತ್ಕಳಮ್ಮ ಮುಂದೆ. ಯಜಮಾನ್ರು ಇಂದ್ಗಡೆ ಕೂತ್ಕಳ್ಲಿ" ಎಂದ ಡ್ರೈವರು.

ಸ್ಕೂಟರನ್ನು ಟೀ ಅಂಗಡಿಯವನಿಗೆ ಒಪ್ಪಿಸಿ ಕ್ಯಾನುಗಳ ನಡುವೆ ಕುಕ್ಕರಿಸಿದೆ. ಪ್ರತಿ ಗುಂಡಿಗೂ ಒಂದಿಷ್ಟು ಹಾಲು ಚಿಮ್ಮಿ ಅಂಗಿಯ ಮೇಲೆ. ಆದರೂ ಗಾಳಿ ಮುಖಕ್ಕೆ ರಾಚುವಾಗ ನನಗೇ ತಡೆಯಲಾಗದೆ "ಇನ್ನೂ ಜೋರಾಗಿ ಬಿಡಪ್ಪಾ!" ಎಂದು ಕೂಗಿದೆ. ನಾವು ಪ್ಲಾಟ್‌ಫಾರಂ ಮುಟ್ಟುವುದಕ್ಕೂ ರೈಲು ನಿಲ್ಲುವುದಕ್ಕೂ ಸರಿಹೋಯಿತು. ತಲೆಗೆ ಹಳದಿ ಬಟ್ಟೆ ಕಟ್ಟಿದ ಎತ್ತರದ ಹೆಂಗಸೊಬ್ಬರು ಇಳಿದು ಅತ್ತಿತ್ತ ನೋಡಿದರು. ಗ್ರೇಸ್ ಓಡಿಹೋಗಿ ತಬ್ಬಿಕೊಂಡಳು. ಇಬ್ಬರೂ ನಗುತ್ತಾ ಅಳುತ್ತಾ ನಿಂತಿದ್ದರೆ ನನ್ನ ಕಣ್ಣೂ ಒದ್ದೆ.

ಆಮೇಲೆ ಆ ತಾಯಿ ನನ್ನ ಕೆದರಿದ ತಲೆಯನ್ನೂ ಹಾಲಿನ ಅಂಗಿಯನ್ನೂ ನೋಡಿ ಮಗಳನ್ನು ಇಂಗ್ಲಿಷಿನಲ್ಲಿ ಮೆಲ್ಲಗೆ ಕೇಳಿದರು: "ಪಾಪ, ಇವರೂ ಈ ಊರಿಗೆ ಹೊಸಬರೇ?"

ಹುಟ್ಟಿದ್ದು ಇಲ್ಲಿನ ನಂದಿದುರ್ಗ ಚಿನ್ನದ ಗಣಿಯ ಕಾರ್ಮಿಕರ ಲೈನುಮನೆಯಲ್ಲಿ, ಅರವತ್ತೆರಡು ವರ್ಷ ಇಲ್ಲೇ ಕಳೆದವನು ಎಂದು ಹೇಳಬಹುದಿತ್ತು. ಆದರೆ ವಾಪಸು ಹೋಗುವುದು ಹೇಗೆಂದು ಗ್ರೇಸಳನ್ನೇ ಕೇಳಬೇಕಿತ್ತಲ್ಲ. ಹೌದೆಂದು ತಲೆಯಾಡಿಸಿದೆ.