ಎಡಕ್ಕೆ ವಾಲಿದ ಗೀಟು, ದೊಡ್ಡಪ್ಪನ ಮುನಿಸು

ಕಂಪ್ಯೂಟರ್ ಬಲ್ಲ ಅಳಿಯನಿರುವಾಗ ಲಗ್ನಪತ್ರಿಕೆಗೆ ಕೈಯಲ್ಲಿ ವಿಳಾಸ ಬರೆಯುವುದೇ? ಛೆ! ಅದು ಎಂಬತ್ತರ ದಶಕದ ಕೊನೆ. ಮೂಕಂಡಪಲ್ಲಿಯ ನಮ್ಮ ಕಾರ್ಖಾನೆಯ ಏಕೈಕ ಕಂಪ್ಯೂಟರಿಗೆ ನಾನೇ ಅಧಿಪತಿ. ನಾದಿನಿಯ ಮದುವೆಯ ವಿಳಾಸಗಳನ್ನು ಅದರಲ್ಲೇ ಅಚ್ಚು ಹಾಕುವುದಾಗಿ ಘೋಷಿಸಿಬಿಟ್ಟೆ.

ಹೆಂಡತಿ ಅಡ್ಡ ಬಂದಳು. "ಮಿಕ್ಕೋರಿಗೆ ಪೋಸ್ಟ್ ಮಾಡ್ರೀ. ಸೂಳಗಿರಿ ದೊಡ್ಡಪ್ಪನ್ನ ಮಾತ್ರ ಮನೆಗೋಗಿ ಕುಂಕುಮ ಕೊಟ್ಟು ಕರೀಬೇಕು. ಅಪ್ಪ ಇಲ್ಲ, ಧಾರೆ ಎರೆಯೋರು ಅವ್ರೇ. ನಮ್ ಮದ್ವೇಲಿ ಎರಡ್ನೇ ಪಂಕ್ತಿಗೆ ಕೂರ್ಸಿದ್ರು ಅಂತ ಇನ್ನೂ ಮುನಿಸ್ಕೊಂಡವ್ರೆ!"

"ಕಂಪ್ಯೂಟರ್ ಅಚ್ಚಲ್ಲಿ ಹೆಸ್ರು ನೋಡ್ಲಿ, ಮುನಿಸು ಹಾರೋಗುತ್ತೆ," ಎಂದೆ.

ವಿಳಾಸಗಳನ್ನು ಬೇಸಿಕ್ ಎಂಬ ಭಾಷೆಯಲ್ಲಿ ತುಂಬಿದೆ. ಅಚ್ಚು ಹಾಕಲು ಹೊಸದಾಗಿ ಕಲಿತ ಸಿ ಭಾಷೆ. ಮೊದಲನೆಯದು ಎರಡನೆಯದಕ್ಕೆ ಪ್ರೋಗ್ರಾಂ ಬರೆದುಕೊಡುವಂತೆ ಹೂಡಿದ್ದೆ. ಬಾಗಿಲ ನಂಬರಿನ ನಡುವೆ ಓರೆಗೀಟು ಇರುತ್ತದಲ್ಲ, ಕೀಲಿಮಣೆಯಲ್ಲಿ ಅಂಥವು ಎರಡಿದ್ದವು. ಬಲಕ್ಕೆ ವಾಲಿದರೇನು, ಎಡಕ್ಕೆ ವಾಲಿದರೇನು ಎಂದು ಎಡದ್ದನ್ನೇ ಒತ್ತಿದೆ. ಬೇಸಿಕ್ಕಿಗೆ ಅದು ಬರೀ ಗೀಟು. ಸಿ ಭಾಷೆಗೋ, ಅಪ್ಪಣೆ! ಮುಂದಿನ ಅಂಕಿಯನ್ನು ಅಚ್ಚು ಹಾಕಬೇಡ, ಅದು ಹೇಳುವ ಕೆಲಸ ಮಾಡು ಎಂದರ್ಥ. ಗೀಟು ಗೀಟಾಗಿಯೇ ದಾಟಬೇಕಾದರೆ ಅದನ್ನು ಜೋಡಿಯಾಗಿ ಬರೆಯಬೇಕಂತೆ. ಇದು ನನಗೆ ಗೊತ್ತಾದದ್ದು ಆಮೇಲೆ.

ಅವಲಪಲ್ಲಿಯ ನೆಂಟರೊಬ್ಬರ ಬಾಗಿಲ ನಂಬರ್ 3\12 ಬಂತು, ಪ್ರಿಂಟರ್ ಸಾಲು ಮುರಿಯಿತು. 5\14 ಬಂತು, ಹಾಳೆಯನ್ನೇ ಹೊರಕ್ಕೆ ತಳ್ಳಿತು. ದೊಡ್ಡಪ್ಪನ 2\7 ಬಂದಾಗ ಕುಂಯ್ ಎಂದು ಗಂಟೆ ಹೊಡೆಯಿತು! ಊಟದ ಗಂಟೆಯೆಂದು ಪಕ್ಕದ ಮೇಜಿನವರು ಡಬ್ಬಿ ಬಿಚ್ಚಿದರು. ತಮಿಳು ಮ್ಯಾನೇಜರ್ ಓಡಿ ಬಂದರು.

"ಎನ್ನಯ್ಯಾ ಇದು, ಫ್ಯಾಕ್ಟರಿಯಾ, ಕಲ್ಯಾಣ ಮಂಟಪಮಾ?"

ಹಾಳೆಗಳ ಸಮೇತ ನನ್ನನ್ನೂ ಹೊರಕ್ಕೆ ತಳ್ಳಿದರು.

ಹೆಂಡತಿ ಕುಂಕುಮದ ಭರಣಿ ಹಿಡಿದು, ನನ್ನನ್ನು ಸೂಳಗಿರಿ ಬಸ್ಸಿಗೆ ಹತ್ತಿಸಿ, ತಾನೂ ಹತ್ತಿದಳು.

ದೊಡ್ಡಪ್ಪ ಜಗಲಿಯಿಂದ ಎದ್ದು ಬಂದರು. "ಬನ್ನಿ ಅಳಿಯಂದ್ರೇ! ಪತ್ರಿಕೆ ಪೋಸ್ಟಲ್ ಬಂದಿದ್ರೆ ಹಂಗೇ ವಾಪಸ್ ಕಳ್ಸನ ಅಂತ ಕುಂತಿದ್ದೆ. ಬಾಗ್ಲಿಗ್ ಬಂದು ಕರೆದ್ರಲ್ಲ, ಅಷ್ಟು ಸಾಕು. ಧಾರೆ ನಾನೇ ಎರೀತೀನಿ," ಎಂದು ಕಣ್ಣೊರೆಸಿಕೊಂಡರು. ಹೆಂಡತಿಯೂ ಅತ್ತಳು. ನಾನು ಆ ಎಡಗೀಟಿಗೆ ಮನಸ್ಸಿನಲ್ಲೇ ಅಡ್ಡಬಿದ್ದೆ.

ಮದುವೆ ಸಾಂಗವಾಗಿ ನಡೆಯಿತು. ಮೊದಲ ಪಂಕ್ತಿಯ ಮೊದಲ ಎಲೆಯಲ್ಲಿ ಕೂತು ದೊಡ್ಡಪ್ಪ ಸಾರಿದರು: "ಕಂಪ್ಯೂಟರ್ ಕೈಲಿದ್ರೂವೆ ನಮ್ ಅಳಿಯ ಅದನ್ನ ನಂಬ್ಲಿಲ್ಲ. ಬುದ್ಧಿವಂತ ಅಂದ್ರೆ ಅವ್ನು ಕಣ್ರಪ್ಪಾ!"

ಕೈಮುಗಿದು ಬಿರುದು ಸ್ವೀಕರಿಸಿದೆ. ಪಕ್ಕದ ಎಲೆಗೆ ಕೂರಲು ಹೋದರೆ ಹೆಂಡತಿ ತಡೆದಳು. ಬುದ್ಧಿವಂತನಿಗೆ ಅವಳು ಎರಡನೇ ಪಂಕ್ತಿ ಗೊತ್ತುಮಾಡಿದ್ದಳು!